ವಿ-ಡೈಪೋಲ್‌ನಲ್ಲೇ ಮೆಟಿಯೋರ್ ಚಿತ್ರ ಹಿಡಿದೆ: ನನ್ನ ಅನುಭವ

2025ರ ಜೂನ್‌ನಲ್ಲಿ ಅಮೆರಿಕದ ಹವಾಮಾನ ಉಪಗ್ರಹ ನೋವಾ 18 ಹೋಯಿತು, ಆಗಸ್ಟ್‌ನಲ್ಲಿ 15 ಮತ್ತು 19 ಎರಡನ್ನೂ ನಿಲ್ಲಿಸಿದರು. ಆಗ ಸುಮಾರು ಜನ ನನಗೆ ಹೇಳಿದ್ದು ಒಂದೇ ಮಾತು. ಇನ್ನು ಆ ಎರಡು ಕಡ್ಡಿ (ವಿ ಆಕಾರದ ಆಂಟೆನಾ, ಅದೇ ವಿ-ಡೈಪೋಲ್) ಬಿಚ್ಚಿಡು, ರಷ್ಯಾದ ಹವಾಮಾನ ಉಪಗ್ರಹ ಮೆಟಿಯೋರ್ ಕಳಿಸೋದು ಡಿಜಿಟಲ್, ಸುರುಳಿಯಾಗಿ ತಿರುಚಿದ ಕ್ಯೂಎಫ್‌ಎಚ್ ಆಂಟೆನಾ ಮತ್ತು ಸಿಗ್ನಲ್ ಹಿಗ್ಗಿಸುವ ಒಳ್ಳೇ ಪ್ರೀಆಂಪ್ ಇಲ್ಲದೆ ಆಗಲ್ಲ ಅಂತ. ಆಗುತ್ತದೆ. ಮೆಟಿಯೋರ್ ಎಂ2-3, ಎಂ2-4 ಎರಡರ ಚಿತ್ರಗಳೂ ಈಗ ನನ್ನ ಹತ್ತಿರ ಇವೆ, ಸುಮಾರು 2800 ಕಿ.ಮೀ. ಅಗಲದ ಮೋಡದ ಪಟ್ಟಿ, ನಡುವೆ ಒಂದು ಗೆರೆಯೂ ತುಂಡಾಗಿಲ್ಲ. ಆಂಟೆನಾ ಅದೇ ಹಳೇದು. 53 ಸೆಂ.ಮೀ. ಆಸುಪಾಸಿನ ಕಡ್ಡಿಗಳು, ನಡುವೆ 120 ಡಿಗ್ರಿ ಕೋನ, ಉತ್ತರ-ದಕ್ಷಿಣಕ್ಕೆ ಮಲಗಿಸಿದ್ದು.

ಮೊದಮೊದಲು ಬರುತ್ತಿದ್ದದ್ದು ಸಣ್ಣ ತುಂಡು ಮಾತ್ರ. ಉಪಗ್ರಹ ನೆತ್ತಿಯ ಹತ್ತಿರ ಇದ್ದಾಗ ಲಾಕ್ ಆಗುತ್ತಿತ್ತು (ಅಂದರೆ ಸಾಫ್ಟ್‌ವೇರ್ ಸಿಗ್ನಲ್ ಹಿಡಿದುಕೊಳ್ಳುತ್ತಿತ್ತು), ಸ್ವಲ್ಪ ಕೆಳಗಿಳಿದರೆ ಹೋಯಿತು. ನೋವಾದ ಅನಲಾಗ್ ಪ್ರಸಾರ ಎಪಿಟಿಯಲ್ಲಿ ಸಿಗ್ನಲ್ ಕಡಿಮೆಯಾದರೆ ಚಿತ್ರದಲ್ಲಿ ಮರಳು ಚೆಲ್ಲಿದ ಹಾಗೆ ಕಾಣುತ್ತಿತ್ತು ಅಷ್ಟೇ. ಮೆಟಿಯೋರ್‌ನ ಡಿಜಿಟಲ್ ಪ್ರಸಾರ ಎಲ್‌ಆರ್‌ಪಿಟಿಯಲ್ಲಿ ಹಾಗಲ್ಲ, ಒಂದು ಮಟ್ಟದ ಕೆಳಗೆ ಏನೂ ಇಲ್ಲ. ಸಿಗ್ನಲ್ ಸಾಲದು ಅಂತ ಎಲ್ಲರೂ ಹೇಳಿದ್ದಕ್ಕೆ ಪ್ರೀಆಂಪ್ ತರಿಸಿದೆ. ಆಂಟೆನಾ, ಕೇಬಲ್ ಎರಡೂ ಸೇರಿದ ಖರ್ಚಿನ ಮೂರು ಪಟ್ಟು ಅದೊಂದಕ್ಕೇ. ಫಲಿತಾಂಶ ಇನ್ನೂ ಕೆಟ್ಟಿತು! ಅದು 88ರಿಂದ 108 ಮೆಗಾಹರ್ಟ್ಸ್‌ವರೆಗಿನ ಎಫ್‌ಎಂ ಸ್ಟೇಷನ್‌ಗಳನ್ನೂ ಎತ್ತಿ ಡಾಂಗಲ್ (ಲ್ಯಾಪ್‌ಟಾಪಿಗೆ ಸಿಕ್ಕಿಸುವ ಯುಎಸ್‌ಬಿ ರೇಡಿಯೋ) ಒಳಗೆ ತುಂಬಿತು. ಮತ್ತೆ ಎಫ್‌ಎಂ ಫಿಲ್ಟರ್, ಮತ್ತೆ ದುಡ್ಡು.

ನಿಜವಾದ ಕಳ್ಳ ಮನೆಯೊಳಗೇ ಇದ್ದ. ಮೇನ್ ಸ್ವಿಚ್ ಆಫ್ ಮಾಡಿ ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಓಡಿಸಿದೆ. ಸಿಗ್ನಲ್ ತೋರಿಸುವ ವಾಟರ್‌ಫಾಲ್ ಗ್ರಾಫ್‌ನಲ್ಲಿ ನಾಯ್ಸ್ ಐದಾರು ಡಿಬಿ ಇಳಿಯಿತು. ಎಲ್‌ಇಡಿ ಬಲ್ಬಿನ ಡ್ರೈವರ್ ಮತ್ತು ಚಾರ್ಜರ್, ಇವೆರಡರದ್ದೇ ಜಾಸ್ತಿ ಕಾಟ. ಡಾಂಗಲನ್ನು ಲ್ಯಾಪ್‌ಟಾಪಿನಿಂದ ದೂರ ಇಟ್ಟು ಕೇಬಲ್‌ಗೆ ನಾಯ್ಸ್ ತಡೆಯುವ ಫೆರೈಟ್ ಹಾಕಿದ ಮೇಲೆ ಉಪಗ್ರಹ ದಿಗಂತದಿಂದ ಹತ್ತು ಡಿಗ್ರಿ ಮೇಲೆ ಬಂದಾಗಿನಿಂದಲೇ ಲಾಕ್ ಸಿಗತೊಡಗಿತು. ಫೆರೈಟ್ ಎಲ್ಲಿ, ಎಷ್ಟು ಸುತ್ತು ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ, ಚಿತ್ರ ಬಿಡಿಸುವ ಸಾಫ್ಟ್‌ವೇರ್ ಸ್ಯಾಟ್‌ಡಂಪ್‌ನಲ್ಲಿ ನಾನು ಇಟ್ಟುಕೊಂಡಿರುವ ಪಿಎಲ್‌ಎಲ್ (ಸಿಗ್ನಲ್‌ನ ಫ್ರೀಕ್ವೆನ್ಸಿಯನ್ನು ಹಿಂಬಾಲಿಸುವ ಭಾಗ) ಬ್ಯಾಂಡ್‌ವಿಡ್ತ್ ಕೂಡ. ಆಮೇಲೆ ಪ್ರೀಆಂಪ್ ತೆಗೆದು ನೋಡಿದೆ. ವ್ಯತ್ಯಾಸವೇ ಇಲ್ಲ. 137 ಮೆಗಾಹರ್ಟ್ಸ್‌ನಲ್ಲಿ ಹೊರಗಿನ ನಾಯ್ಸೇ ಮೇಲುಗೈ, ಕೇಬಲ್ ಗಿಡ್ಡ ಇದ್ದರೆ ಪ್ರೀಆಂಪ್ ಮಾಡುವುದು ಏನೂ ಇಲ್ಲ.

ಇದರ ನಡುವೆ ಸುಮ್ನೆ ಇನ್ನೊಂದು ಪ್ರಯೋಗ ಮಾಡಿದೆ. ಪಾಸ್ (ಉಪಗ್ರಹ ನಮ್ಮ ಆಕಾಶ ದಾಟುವ ಹೊತ್ತು) ಉದ್ದಕ್ಕೂ ಪಿಎಲ್‌ಎಲ್ ತೋರಿಸುವ ಫ್ರೀಕ್ವೆನ್ಸಿಯ ಏರಿಳಿತ ಬರೆದುಕೊಂಡು ಗ್ರಾಫ್ ಹಾಕಿದೆ. ಬರುವಾಗ ಮೂರು ಕಿಲೋಹರ್ಟ್ಸ್ ಹತ್ತಿರ ಮೇಲೆ, ಹೋಗುವಾಗ ಅಷ್ಟೇ ಕೆಳಗೆ. ಗೆರೆ ಅತಿ ಕಡಿದಾಗಿ ಬೀಳುವ ಜಾಗವೇ ಉಪಗ್ರಹ ನಮಗೆ ಅತಿ ಹತ್ತಿರ ಬಂದ ಗಳಿಗೆ. ಪ್ರಕಟವಾಗುವ ಕಕ್ಷೆಯ ಅಂಕಿಗಳು, ಅಂದರೆ ಟಿಎಲ್‌ಇ, ಹೇಳಿದ್ದಕ್ಕೂ ಇದಕ್ಕೂ ಕೆಲವೇ ಸೆಕೆಂಡ್ ವ್ಯತ್ಯಾಸ ಬಂತು. 1957ರಲ್ಲಿ ಅಮೆರಿಕದ ಭೌತವಿಜ್ಞಾನಿಗಳಾದ ಗಯರ್ ಮತ್ತು ವೈಫೆನ್‌ಬಾಕ್ ಸ್ಪುಟ್ನಿಕ್‌ನ ದನಿ ಕೇಳಿ ಅದರ ಕಕ್ಷೆ ಲೆಕ್ಕ ಹಾಕಿದ್ದು ಇದೇ ಡಾಪ್ಲರ್‌ನಿಂದ, ಅಂದರೆ ಹತ್ತಿರ ಬರುವಾಗ ಫ್ರೀಕ್ವೆನ್ಸಿ ಏರಿ ದೂರ ಹೋಗುವಾಗ ಇಳಿಯುವುದರಿಂದ. ಅದನ್ನೇ ತಿರುಗಿಸಿ, ಕಕ್ಷೆ ಗೊತ್ತಿದ್ದರೆ ನಾವಿರುವ ಜಾಗ ಹುಡುಕಬಹುದು ಅಂತ ಹೊರಟಾಗ ಟ್ರಾನ್ಸಿಟ್ ಹುಟ್ಟಿತು. ಜಿಪಿಎಸ್‌ಗೂ ಮುಂಚಿನ ದಾರಿ ತೋರಿಸುವ ಉಪಗ್ರಹಗಳು ಅವು. ಇಷ್ಟೆಲ್ಲ ಒಂದು ಡಾಂಗಲ್‌ನಲ್ಲಿ ಕಣ್ಣಾರೆ ಕಾಣುತ್ತದೆ ಅಂದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ರಾತ್ರಿ ಪಾಸ್ ಬಿಡಬೇಡಿ. ಬೆಳಕಿನ ಚಾನೆಲ್ ಕಪ್ಪಾಗಿರುತ್ತದೆ, ಆದರೆ ಇನ್‌ಫ್ರಾರೆಡ್‌ನಲ್ಲಿ ಎತ್ತರದ ತಣ್ಣನೆಯ ಮೋಡಗಳು ಎದ್ದು ಕಾಣುತ್ತವೆ. ಚಂಡಮಾರುತ ಸುತ್ತುವುದನ್ನು ಯಾರ ಅನುಮತಿಯೂ ಇಲ್ಲದೆ ನೇರವಾಗಿ ಉಪಗ್ರಹದಿಂದಲೇ ನೋಡಬಹುದು ಅಲ್ವಾ, ಅದಕ್ಕೇ ಇಷ್ಟು ಒದ್ದಾಟ. ಫ್ರೀಕ್ವೆನ್ಸಿ 137.9 ಅಥವಾ 137.1 ಮೆಗಾಹರ್ಟ್ಸ್. ಅದನ್ನು ಬದಲಾಯಿಸುತ್ತಿರುತ್ತಾರೆ, ಪಾಸ್‌ಗೆ ಮುಂಚೆ ನೋಡಿಕೊಳ್ಳಿ. ಮುಂದೆ 1.7 ಗಿಗಾಹರ್ಟ್ಸ್‌ನಲ್ಲಿ ಇನ್ನೂ ಸ್ಪಷ್ಟ ಚಿತ್ರ ಕಳಿಸುವ ಎಚ್‌ಆರ್‌ಪಿಟಿ ಪ್ರಸಾರಕ್ಕೆ ಡಿಶ್ ಕಟ್ಟುತ್ತಿದ್ದೇನೆ. ಅಲ್ಲಿ ಮಾತ್ರ ಪ್ರೀಆಂಪ್ ಬೇಕೇ ಬೇಕು, ಅದೂ ಡಿಶ್‌ನ ಬಾಯಲ್ಲೇ.