ಮಾರೋ ಮನೆಗೆ ಮೊದಲು ಬೀರು ತೆಗೀರಿ

ಬೆಂಗಳೂರಿನ ಜಯನಗರ, ರಾಜಾಜಿನಗರ, ಹನುಮಂತನಗರದಂಥ ಹಳೇ ಬಡಾವಣೆಗಳಲ್ಲಿ ಅಪ್ಪ-ಅಮ್ಮ ಕಟ್ಟಿಸಿದ ಮನೆ ಮಾರೋಣ ಅಂತ ತೀರ್ಮಾನ ಆದ ಮರುದಿನವೇ ಮಕ್ಕಳು ಪೇಂಟರ್‌ಗೆ ಫೋನ್ ಮಾಡ್ತಾರೆ. ಸ್ವಲ್ಪ ತಡೀರಿ. ಕೊಳ್ಳೋರು ಮನೆ ನೋಡೋದು ಅರ್ಧ ಗಂಟೆ, ಅವರ ವಕೀಲರು ಕಾಗದ ನೋಡೋದು ವಾರಗಟ್ಟಲೆ. ಗೋಡೆಯ ಬಣ್ಣ ಮಾಸಿದೆ ಅಂತ ವ್ಯವಹಾರ ಮುರಿದದ್ದನ್ನ ನಾನು ಕಂಡಿಲ್ಲ, ಒಂದಿಷ್ಟು ಇಳಿಸಿ ಕೇಳ್ತಾರೆ ಅಷ್ಟೆ. ಕಾಗದ ಸರಿಯಿಲ್ಲದೆ ಮುರಿದಿದ್ದು ಮಾತ್ರ ಬೇಕಾದಷ್ಟು ಕಂಡಿದ್ದೀನಿ.

ಅದಕ್ಕೇ ಮೊದಲು ಕಾಗದಪತ್ರ ಇಟ್ಟಿರೋ ಬೀರು ತೆಗೀರಿ. ಸೈಟು ಹಿಂದೆ ಬಡಾವಣೆ ಮಾಡ್ತಿದ್ದ ಸಿಐಟಿಬಿ ಮಂಡಳಿ ಕಾಲದ್ದಿರಲಿ, 1976ರಲ್ಲಿ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಬಂದಮೇಲಿನದ್ದಿರಲಿ, ಹಂಚಿಕೆ ಪತ್ರ, ಸ್ವಾಧೀನ ಪತ್ರ, ಲೀಸ್ ಕಮ್ ಸೇಲ್ ಕರಾರು (ಮೊದಲು ಗುತ್ತಿಗೆ, ಆಮೇಲೆ ಮಾರಾಟ ಅನ್ನೋ ಒಪ್ಪಂದ), ಶುದ್ಧ ಕ್ರಯಪತ್ರ (ಮಾಲೀಕತ್ವ ಪೂರ್ತಿ ಕೊಡೋ ಪತ್ರ) ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿ. ಲೀಸ್ ಕರಾರು ಕೈಗೆ ಬಂತು, ಮನೆ ಕಟ್ಟಿದ್ದಾಯ್ತು ಅಂತ ಶುದ್ಧ ಕ್ರಯಪತ್ರ ಮಾಡಿಸದೇ ಬಿಟ್ಟ ಹಿರಿಯರು ಎಷ್ಟೋ ಜನ ಇದ್ದಾರೆ. ಹಾಗಿದ್ದರೆ ಗಿರಾಕಿ ಹುಡುಕೋ ಮುಂಚೆ ಬಿಡಿಎ ಬಾಗಿಲಿಗೆ ಹೋಗಿ. ಖಾತೆ, ಅಂದರೆ ಪಾಲಿಕೆಯ ಆಸ್ತಿ ದಾಖಲೆ, ಇನ್ನೂ ತೀರಿಹೋದ ಅಪ್ಪನ ಹೆಸರಲ್ಲೇ ಇದ್ದರೆ ವಾರಸುದಾರರ ಹೆಸರಿಗೆ ಬದಲಾಯಿಸಿಕೊಳ್ಳಬೇಕು. ಅದಕ್ಕೆ ಮರಣ ಪ್ರಮಾಣಪತ್ರ, ವಂಶವೃಕ್ಷ ಬೇಕು. ಈಗ ಇ-ಖಾತೆ (ಖಾತೆಯ ಡಿಜಿಟಲ್ ರೂಪ) ಇಲ್ಲದೆ ನೋಂದಣಿಯೇ ಆಗೋದಿಲ್ಲ, ಹಾಗಾಗಿ ಇದನ್ನ ಕೊನೆಗೆ ಅಂತ ಇಟ್ಟುಕೊಳ್ಳಬೇಡಿ. ಇ.ಸಿ.ಯನ್ನ (ಆಸ್ತಿಯ ಮೇಲಿನ ಸಾಲ, ವ್ಯವಹಾರ ತೋರಿಸೋ ಋಣಭಾರ ಪತ್ರ) ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲೇ ತೆಗೆಸಬಹುದು, ತೀರಾ ಹಳೇ ವರ್ಷಗಳದ್ದಕ್ಕೆ ಸಬ್‌ರಿಜಿಸ್ಟ್ರಾರ್ ಕಚೇರಿಗೇ ಅರ್ಜಿ ಹಾಕಬೇಕಾದೀತು. ಕಂದಾಯ ಕಟ್ಟಿದ ರಸೀದಿಗಳೂ ಬೇಕು. ಕ್ರಯಪತ್ರದಲ್ಲಿ ಲಕ್ಷ್ಮೀದೇವಮ್ಮ, ಆಧಾರ್‌ನಲ್ಲಿ ಲಕ್ಷ್ಮಿದೇವಿ ಅಂತಿದ್ದರೆ ಅದೂ ಒಂದು ತಕರಾರೇ. ವಕೀಲರನ್ನ ಕೇಳಿ ಅಫಿಡವಿಟ್ ಮಾಡಿಸಿಡಿ.

ಹಳೇ ಪತ್ರ ಮಡಿಕೆಯಲ್ಲಿ ಹರೀತಾ ಬಂದಿದೆ ಅಂತ ಲ್ಯಾಮಿನೇಷನ್ ಮಾಡಿಸೋರಿದ್ದಾರೆ. ದಯವಿಟ್ಟು ಬೇಡ. ಹಿಂಬದಿಯ ಮೊಹರು, ಸಹಿ, ಛಾಪಾ ಕಾಗದದ ಗುರುತು ಇವನ್ನ ವಕೀಲರು ಬೆಳಕಿಗೆ ಹಿಡಿದು ನೋಡ್ತಾರೆ. ಪ್ಲಾಸ್ಟಿಕ್ಕಿನೊಳಗೆ ಸೇರಿದ ಪತ್ರದ ಮೇಲೆ ಅವರಿಗೆ ಅನುಮಾನವೇ ಜಾಸ್ತಿ. ಮಡಿಕೆ ಬಿಡಿಸಿ, ಒಂದೊಂದನ್ನೂ ಬೇರೆ ಪಾರದರ್ಶಕ ಕವರಿನಲ್ಲಿ ಚಪ್ಪಟೆಯಾಗಿ ಇಡಿ. ಜೆರಾಕ್ಸ್ ಸೆಟ್ ಮೂರು ಮಾಡಿಸಿ. ಮೂಲಪತ್ರ ಮಾತ್ರ ನಿಮ್ಮೆದುರಿಗೇ ತೋರಿಸಬೇಕು, ಬ್ರೋಕರ್ ಕೈಗೆ ಕೊಟ್ಟು ಕಳಿಸಬಾರದು.

ಮನೆಸಾಲ ತೀರಿಸಿದ್ದರೂ ಪತ್ರ ಇನ್ನೂ ಬ್ಯಾಂಕಿನಲ್ಲೇ ಕೂತಿರುತ್ತೆ. 2023ರ ಡಿಸೆಂಬರ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ: ಸಾಲ ತೀರಿದ 30 ದಿನದೊಳಗೆ ಮೂಲಪತ್ರ ವಾಪಸ್ ಕೊಡಬೇಕು, ಬ್ಯಾಂಕಿನಿಂದಲೇ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಇ.ಸಿ.ಯಲ್ಲಿ ಆ ಅಡಮಾನ ಇನ್ನೂ ಕಾಣ್ತಿದ್ದರೆ ಅದನ್ನ ಬಿಡಿಸಿದ ಪತ್ರವನ್ನೂ ನೋಂದಣಿ ಮಾಡಿಸಿ.

ಇನ್ನು ಹೆಣ್ಣುಮಕ್ಕಳ ವಿಷಯ. "ಅಕ್ಕಂಗೆ ಮದುವೇಲಿ ಕೊಟ್ಟಾಗಿದೆ, ಅವಳೇನೂ ಕೇಳಲ್ಲ" ಅನ್ನೋ ಮಾತು ಈಗಲೂ ಕಿವಿಗೆ ಬೀಳುತ್ತೆ. ಕೇಳ್ತಾಳೋ ಬಿಡ್ತಾಳೋ, ಪಾಲು ಅವಳದ್ದು. ಪಿತ್ರಾರ್ಜಿತದಲ್ಲಿ ಮಗಳಿಗೆ ಸಮಪಾಲು ಅಂತ ನಮ್ಮ ಕರ್ನಾಟಕ 1994ರಲ್ಲೇ ತಿದ್ದುಪಡಿ ತಂತು, ಇಡೀ ದೇಶಕ್ಕೆ ಬಂದದ್ದು 2005ರಲ್ಲಿ. ಅಪ್ಪ ಸ್ವಂತ ಸಂಪಾದನೆಯಲ್ಲಿ ಕಟ್ಟಿಸಿ ಉಯಿಲು ಬರೆಯದೇ ಹೋಗಿದ್ದರೂ ಮಗಳು ವಾರಸುದಾರಳೇ. ಮನೆ ಮಾರೋ ಮಾತು ಹೊರಗೆ ಹೋಗೋ ಮುಂಚೆ ಎಲ್ಲರನ್ನೂ ಕೂರಿಸಿ ಮಾತಾಡಿ. ಅಮೆರಿಕದಲ್ಲಿರೋ ಮಗನ ಸಹಿ ಬೇಕಿದ್ದರೆ ಅಧಿಕಾರ ಪತ್ರ (ಪವರ್ ಆಫ್ ಅಟಾರ್ನಿ) ಅಲ್ಲಿಂದ ಬಂದು ಇಲ್ಲಿ ಮುದ್ರಾಂಕ ಶುಲ್ಕ ಕಟ್ಟೋಕೆ ಸಮಯ ಹಿಡಿಯುತ್ತೆ, ಅದನ್ನ ಲೆಕ್ಕದಲ್ಲಿಡಿ.

ಈಗ ಗೋಡೆಗೆ ಬರೋಣ. ತೇವ ಬಿಟ್ಟ ಗೋಡೆಗೆ ಪುಟ್ಟಿ ಮೆತ್ತಿ ಬಣ್ಣ ಬಳಿದರೆ ಒಂದು ಮಳೆಗಾಲವೂ ತಡೆಯಲ್ಲ, ಬೊಬ್ಬೆ ಎದ್ದು ಬಿಳೀ ಉಪ್ಪು ಉದುರುತ್ತೆ. ತೇವ ಎಲ್ಲಿಂದ ಅಂತ ತಿಳಿಯೋಕೆ ಒಂದು ಉಪಾಯ ಇದೆ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಒಂದು ಅಡಿ ಚೌಕಕ್ಕೆ ಕತ್ತರಿಸಿ, ಕಲೆ ಇರೋ ಕಡೆ ನಾಲ್ಕೂ ಅಂಚಿಗೆ ಟೇಪ್ ಒತ್ತಿ ಅಂಟಿಸಿ ಒಂದೆರಡು ದಿನ ಬಿಡಿ. ಬಿಚ್ಚಿದಾಗ ಗೋಡೆ ಕಡೆಯ ಮೈಯಲ್ಲಿ ನೀರ ಹನಿ ಇದ್ದರೆ ನೀರು ಗೋಡೆಯೊಳಗಿಂದ ಬರ್ತಿದೆ, ಪ್ಲಂಬರ್ ಬೇಕು. ಹೊರಮೈ ಮಾತ್ರ ಒದ್ದೆಯಾಗಿದ್ದರೆ ಕೋಣೆಗೆ ಗಾಳಿ ಸಾಲದು, ಕಿಟಕಿ ತೆಗೆದಿಟ್ಟರೆ ಸಾಕು. ದುಡ್ಡು ಖರ್ಚು ಮಾಡೋದಿದ್ದರೆ ತಾರಸಿಯ ಬಿರುಕು, ಸೋರೋ ಪೈಪು, ಗೆದ್ದಲು ಹಿಡಿದ ಬಾಗಿಲ ಚೌಕಟ್ಟು, ಕೆಟ್ಟ ವೈರಿಂಗಿಗೆ ಮಾಡಿ. ಹೊಸ ಮಾಡ್ಯುಲರ್ ಕಿಚನ್ನಿಗೆ ಒಂದು ಪೈಸೆಯೂ ಬೇಡ. ಕೊಂಡವರು ತಮಗೆ ಬೇಕಾದ ಹಾಗೆ ಒಡೆದು ಕಟ್ಟಿಸಿಕೊಳ್ತಾರೆ, ಇಂಥ ಜಾಗಗಳಲ್ಲಿ ಅರ್ಧಕ್ಕರ್ಧ ಜನ ಕೊಳ್ಳೋದೇ ಸೈಟಿಗೋಸ್ಕರ.

ಕೆಂಪು ರೆಡ್ಆಕ್ಸೈಡ್ ನೆಲ ಇದ್ದರೆ ಟೈಲ್ಸ್ ಹಾಕಿಸೋ ದುರ್ಬುದ್ಧಿ ಬೇಡ. ಅಂಟುವಾಳದ ನೀರಲ್ಲಿ ಒರೆಸಿ, ಚೆನ್ನಾಗಿ ಒಣಗಿದ ಮೇಲೆ ಹಳೇ ಪಂಚೆಯ ತುಂಡಿಗೆ ನಾಲ್ಕೇ ಹನಿ ಕೊಬ್ಬರಿ ಎಣ್ಣೆ ಹಾಕಿ ಉಜ್ಜಿ. ಮನೆ ನೋಡೋಕೆ ಬರೋ ದಿನ ಬೆಳಿಗ್ಗೆ ಮಾತ್ರ ಈ ಕೆಲಸ ಬೇಡ, ಜಾರಿ ಬಿದ್ದರೆ ಗಿರಾಕಿಯೂ ಹೋದ, ಆಸ್ಪತ್ರೆ ಖರ್ಚೂ ಬಂತು. ಮೊಸಾಯಿಕ್ ನೆಲಕ್ಕೆ ಆ್ಯಸಿಡ್ ಸೋಕಿಸಬೇಡಿ, ಅದರೊಳಗಿನ ಅಮೃತಶಿಲೆಯ ಚೂರುಗಳನ್ನ ತಿಂದು ಹಾಕುತ್ತೆ. ಬೋರ್‌ವೆಲ್ ನೀರಿನ ಬಿಳೀ ಕಲೆ ಹಿಡಿದ ನಲ್ಲಿಗೆ ವಿನೆಗರ್‌ನಲ್ಲಿ ಅದ್ದಿದ ಬಟ್ಟೆ ಸುತ್ತಿ ಅರ್ಧ ಗಂಟೆ ಬಿಟ್ಟು ಉಜ್ಜಿದರೆ ಆಯ್ತು.

ಬೀಗ ಹಾಕಿದ್ದ ಮನೆಯಾದರೆ ಬಚ್ಚಲಿಂದ ಗಬ್ಬುವಾಸನೆ ಬರುತ್ತೆ. ಪೈಪ್ ಕಟ್ಟಿಕೊಂಡಿದೆ ಅಂತ ನೆಲ ಅಗೆಸೋಕೆ ಹೋಗ್ತಾರೆ, ಬಹಳ ಸಲ ಅದೇನೂ ಇರಲ್ಲ. ಜಾಲರಿಯ ಕೆಳಗಿನ ಟ್ರ್ಯಾಪಿನಲ್ಲಿ ನಿಂತಿರಬೇಕಾದ ನೀರು ಆವಿಯಾಗಿ, ಮೋರಿಯ ಗಾಳಿ ನೇರ ಮೇಲೆ ಬರ್ತಿರುತ್ತೆ. ಒಂದು ಬಕೆಟ್ ನೀರು ಸುರಿದು ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಡಿ. ಎಣ್ಣೆ ತೇಲಿಕೊಂಡು ಆವಿಯಾಗೋದನ್ನ ತಡೆಯುತ್ತೆ. ನಲ್ಲಿಗಳನ್ನೂ ಕೆಂಪು ನೀರು ಹೋಗೋವರೆಗೆ ಬಿಟ್ಟಿರಿ. ಸಂಪು, ಟ್ಯಾಂಕು ತೊಳೆಸಿ. ಬರೋರಲ್ಲಿ ಒಬ್ಬರಾದರೂ ಮುಚ್ಚಳ ಎತ್ತಿ ನೋಡೇ ನೋಡ್ತಾರೆ.

ಅಟ್ಟ ಖಾಲಿ ಮಾಡೋದಕ್ಕೆ ಆಷಾಢ ಮಾಸದಂಥ ಕಾಲ ಇನ್ನೊಂದಿಲ್ಲ. ಆ ತಿಂಗಳು ಅಡ್ವಾನ್ಸ್ ಕೊಡೋರು ಕಡಿಮೆ, ಪಿತೃಪಕ್ಷದಲ್ಲೂ ಅಷ್ಟೆ. ಆಷಾಢದಲ್ಲಿ ಕೆಲಸ ಮುಗಿಸಿ ಶ್ರಾವಣದಲ್ಲಿ ಮನೆ ತೋರಿಸಿ. ಹಳೇ ಕ್ಯಾಲೆಂಡರ್, ಮೊಳೆ, ಹಂಡೆ, ಮುರುಕು ಕುರ್ಚಿ ಎಲ್ಲ ಆಚೆ ಹೋಗಲಿ. ದೇವರ ಮನೆ ಮಾತ್ರ ಕೊನೇವರೆಗೆ ದೀಪ ಹಚ್ಚಿಕೊಂಡೇ ಇರಲಿ, ನೋಡೋಕೆ ಬರೋ ಹಿರಿಯರು ಮೊದಲು ಅಲ್ಲೇ ನಿಲ್ತಾರೆ. ಈಶಾನ್ಯದ ಮೂಲೆಯಲ್ಲಿ ಕಸದ ಬುಟ್ಟಿ, ಗುಜರಿ ಇದ್ದರೆ ತೆಗೆದುಬಿಡಿ. ವಾಸ್ತು ನೀವು ನಂಬದಿರಬಹುದು, ಬರೋರು ಮೊಬೈಲಲ್ಲಿ ದಿಕ್ಸೂಚಿ ಹಿಡ್ಕೊಂಡೇ ಬರ್ತಾರೆ.

ಪಕ್ಕದ ಮನೆಯವರಿಗೆ ಮೊದಲೇ ಹೇಳಿ. ಅವರೇ ಕೊಂಡಾರು. ಕೊಳ್ಳದಿದ್ದರೂ, ಬಂದವರು ಗೇಟಿನ ಹತ್ತಿರ ನಿಂತು "ನೀರು ಹೇಗೆ ಬರುತ್ತೆ ಇಲ್ಲಿ?" ಅಂತ ಕೇಳೋದು ಅವರನ್ನೇ. ತಾರಸಿ ಸೋರೋದನ್ನೋ ಕಾಂಪೌಂಡ್ ತಕರಾರನ್ನೋ ಮುಚ್ಚಿಡಬೇಡಿ. ಸಾಧಾರಣವಾಗಿ ನೋಡಿದರೆ ಕಾಣದ ದೋಷವನ್ನ ಮಾರುವವರೇ ಹೇಳಬೇಕು ಅಂತ 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಹೇಳುತ್ತೆ.

ಬ್ರೋಕರ್ ಕಮಿಷನ್ ಎಷ್ಟು ಅಂತ ಮೊದಲೇ ಬಾಯಿಬಿಟ್ಟು ಮಾತಾಡಿ. ಅಡ್ವಾನ್ಸ್ 20,000 ಅಥವಾ ಮೇಲ್ಪಟ್ಟು ನಗದಾಗಿ ತಗೊಳ್ಳೋ ಹಾಗಿಲ್ಲ, ಚೆಕ್ ಅಥವಾ ಬ್ಯಾಂಕ್ ಮೂಲಕವೇ ಬರಬೇಕು. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳೋರು ಶೇ 1ರಷ್ಟು ಟಿಡಿಎಸ್ (ಮೂಲದಲ್ಲೇ ಕಡಿಯೋ ತೆರಿಗೆ) ಹಿಡಿದುಕೊಂಡು ನಿಮ್ಮ ಪ್ಯಾನ್‌ಗೆ ಕಟ್ಟಬೇಕು. ಮಾರುವವರು ಅನಿವಾಸಿಗಳಾದರೆ ಹಿಡಿಯೋ ಮೊತ್ತ ಬಹಳ ಹೆಚ್ಚು, ಆಡಿಟರ್ ಹತ್ತಿರ ಮೊದಲೇ ಹೋಗಿ. ಹೋಗುವಾಗ ಮಹಡಿ ಕಟ್ಟಿಸಿದ ಹಳೇ ಬಿಲ್ಲುಗಳನ್ನೂ ತಗೊಂಡುಹೋಗಿ, ತೆರಿಗೆ ಲೆಕ್ಕದಲ್ಲಿ ಕೆಲಸಕ್ಕೆ ಬರುತ್ತೆ.

ಬೀಗದಕೈ ಕೊಡೋ ದಿನ ಬೆಸ್ಕಾಂ, ಜಲಮಂಡಳಿ ಎರಡೂ ಮೀಟರ್‌ಗಳ ರೀಡಿಂಗ್ ಫೋಟೋ ತೆಗೆದು ಕೊಂಡವರಿಗೂ ಕಳಿಸಿ, ಬಾಕಿ ಬಿಲ್ ಕಟ್ಟಿಬಿಡಿ. ಆರ್‌ಆರ್ ನಂಬರನ್ನ (ಸಂಪರ್ಕದ ಗ್ರಾಹಕ ಸಂಖ್ಯೆ) ಅವರ ಹೆಸರಿಗೆ ಬದಲಾಯಿಸಿಕೊಳ್ಳೋಕೆ ಬೇಕಾದ ಸಹಿ ಆವತ್ತೇ ಹಾಕಿಕೊಡಿ, ಆಮೇಲೆ ನಿಮ್ಮನ್ನ ಹುಡುಕಿಕೊಂಡು ಬರೋದು ತಪ್ಪುತ್ತೆ. ಸಂಪಿನ ಮೋಟರ್ ರಿಪೇರಿ ಮಾಡೋನ ನಂಬರ್ ಸ್ವಿಚ್‌ಬೋರ್ಡ್ ಪಕ್ಕ ಬರೆದು ಅಂಟಿಸಿ ಹೋಗಿ.