ಸ್ವೀಪ್ ಹಾಕಿದಾಗ ಆಸಿಲೋಸ್ಕೋಪಿನಲ್ಲಿ ಗೆರೆ ನಿಲ್ಲುತ್ತಿಲ್ವಾ?

ಗಣಪತಿ ಹಬ್ಬ ಹತ್ತಿರ ಬಂದರೆ ಹುಬ್ಬಳ್ಳಿ-ಧಾರವಾಡದ ರಿಪೇರಿ ಅಂಗಡಿಗಳಲ್ಲಿ ಆಂಪ್ಲಿಫೈಯರ್‌ಗಳ ಸಾಲು. ಸುಮ್ನೆ ಒಂದೊಂದೇ ಫ್ರೀಕ್ವೆನ್ಸಿ ತಿರುಗಿಸುತ್ತಾ ಕೂರಬೇಡಿ, ಸ್ವೀಪ್ ಹಾಕಿ: ಸಿಗ್ನಲ್ ಜನರೇಟರ್ ತಾನೇ ಫ್ರೀಕ್ವೆನ್ಸಿ ಏರಿಸುತ್ತಾ ಹೋಗಲಿ, ಆಂಪ್ಲಿಫೈಯರ್‌ನಿಂದ ಬರುವ ಸಿಗ್ನಲ್ ಅನ್ನು ಗೆರೆಯಾಗಿ ತೋರಿಸುವ ಸ್ಕೋಪಿನಲ್ಲಿ ನೋಡಿ. ಆದರೆ ಗೆರೆ ಯಾವಾಗ ಶುರುವಾಗಬೇಕೆಂದು ಸ್ಕೋಪಿಗೆ ಹೇಳುವ ಟ್ರಿಗರ್ ಮಾತ್ರ ಆ ಸಿಗ್ನಲ್‌ನಿಂದಲೇ ತಗೊಂಡರೆ ಗೆರೆ ಕುಣಿಯುತ್ತಲೇ ಇರುತ್ತದೆ. ಸ್ವೀಪ್ ಶುರುವಾದಾಗ ಪಲ್ಸ್ ಕೊಡುವ ಸಿಂಕ್ ಔಟ್‌ಪುಟ್ ಜನರೇಟರ್‌ನಲ್ಲಿದ್ದರೆ ಅದನ್ನು ಸ್ಕೋಪಿನ ಎಕ್ಸ್‌ಟರ್ನಲ್ ಟ್ರಿಗರ್‌ಗೆ ಕೊಟ್ಟು, ಟ್ರಿಗರ್ ಜಾಗವನ್ನು ಪರದೆಯ ಎಡ ಅಂಚಿಗೆ ಸರಿಸಿ.

ಈಗ ಸ್ವೀಪನ್ನು 1 ಕಿಲೋಹರ್ಟ್ಸ್‌ನಿಂದ 11ರವರೆಗೆ, ಲೀನಿಯರ್ (ಒಂದೇ ವೇಗದ ಏರಿಕೆ), 1 ಸೆಕೆಂಡ್‌ಗೆ ಇಡಿ. ಟೈಮ್‌ಬೇಸ್, ಅಂದರೆ ಒಂದು ಮನೆಗೆ ಹಿಡಿಯುವ ಸಮಯ, 100 ಮಿಲಿಸೆಕೆಂಡ್ ಇಟ್ಟರೆ ಅಡ್ಡಕ್ಕೆ 10 ಮನೆ ಇರುವ ಪರದೆಯಲ್ಲಿ ಒಂದೊಂದು ಮನೆಯೂ 1 ಕಿಲೋಹರ್ಟ್ಸ್, ಲೆಕ್ಕ ಸುಲಭ ಅಲ್ವಾ? ಗೆರೆಯ ಎತ್ತರ 6 ಮನೆ ಇಟ್ಟುಕೊಳ್ಳಿ, ಅದು ಸುಮಾರು 4.2ಕ್ಕೆ ಇಳಿದ ಜಾಗವೇ ಮೈನಸ್ 3 ಡೆಸಿಬೆಲ್, ಅಂದರೆ ಪವರ್ ಅರ್ಧಕ್ಕೆ ಇಳಿದ ಜಾಗ. ಡಿಜಿಟಲ್ ಸ್ಕೋಪ್ ಆದರೆ ಸಿಗ್ನಲ್‌ನ ತುದಿಗಳನ್ನು ಬಿಡದೆ ಹಿಡಿಯುವ ಪೀಕ್ ಡಿಟೆಕ್ಟ್ ಆನ್ ಮಾಡಿ, ಇಲ್ಲದಿದ್ದರೆ ಇಲ್ಲದ ಏರಿಳಿತ ಕಾಣಿಸುತ್ತದೆ. ಆಂಪ್ಲಿಫೈಯರ್‌ಗೆ ಸ್ಪೀಕರ್ ಬೇಡ, ಅದರ ಜಾಗದಲ್ಲಿ 8 ಓಮ್‌ನ ದಪ್ಪ ರೆಸಿಸ್ಟರ್ ಹಾಕಿ, ಟ್ವೀಟರ್ (ಕೀರಲು ಸ್ವರದ ಚಿಕ್ಕ ಸ್ಪೀಕರ್) ಉಳಿಯುತ್ತದೆ.