‘ಪರವಾಗಿಲ್ಲ ಸಾರ್’ ಅನ್ನುವ ಮೊದಲು: ಸೋರಿಯಾಸಿಸ್ ಇದ್ದವರು ಡಾಕ್ಟರ ಹತ್ತಿರ ಹೋಗುವಾಗ ಏನೇನು ತಯಾರಿ ಬೇಕು?

ನನ್ನ ಚಿಕ್ಕಮ್ಮ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ ಮಾಡುತ್ತಾರೆ. ಗೂಡು ಬೆಂದ ಬಿಸಿನೀರಲ್ಲಿ ಕೈಯಾಡಿಸಿ ಎಳೆಯ ತುದಿ ಹುಡುಕುವ ಕೆಲಸ. ಒಂಬತ್ತು ವರ್ಷದಿಂದ ಮೊಣಕೈ, ಮೊಣಕಾಲು, ತಲೆಯಲ್ಲಿ ಸೋರಿಯಾಸಿಸ್ ಇದೆ, ಚರ್ಮ ಕೆಂಪಾಗಿ ಸಿಪ್ಪೆ ಏಳುವ ಕಾಯಿಲೆ. ಹೋದ ಚಳಿಗಾಲದಲ್ಲಿ ಅಂಗೈಗೂ ಬಂತು. ನಾನೇ ಚಿಕ್ಕಬಳ್ಳಾಪುರಕ್ಕೆ, ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಎರಡು ಗಂಟೆ ಕಾದೆವು. ಒಳಗೆ ಹೋದಾಗ ಡಾಕ್ಟರು “ಹೇಗಿದೀರಮ್ಮಾ?” ಎಂದರು. ಚಿಕ್ಕಮ್ಮ “ಪರವಾಗಿಲ್ಲ ಸಾರ್” ಎಂದರು. ಹಳೇ ಮುಲಾಮನ್ನೇ ಮತ್ತೆ ಬರೆದುಕೊಟ್ಟರು. ಮೂರು ನಿಮಿಷದಲ್ಲಿ ಹೊರಗೆ ಬಂದೆವು. ಡಾಕ್ಟರನ್ನು ದೂರುವುದಿಲ್ಲ. ಹೊರಗೆ ಬೆಂಚಿನ ತುಂಬ ಜನ ಕೂತಿದ್ದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಚಿಕ್ಕಮ್ಮ ಒಂದೊಂದೇ ಹೇಳಿದರು. ರಾತ್ರಿ ನವೆಗೆ ನಿದ್ದೆ ಇಲ್ಲ. ಅಕ್ಕನ ಮೊಮ್ಮಗುವಿನ ನಾಮಕರಣಕ್ಕೆ ಹೋಗಲಿಲ್ಲ, ಮಗುವನ್ನು ಎತ್ತಿಕೊಂಡರೆ ಯಾರಾದರೂ ಏನಾದರೂ ಅಂದುಬಿಟ್ಟರೆ ಅಂತ. ತಲೆಗೆ ಕೊಟ್ಟ ಮುಲಾಮು ಅಂಟಂಟು, ದಿಂಬೆಲ್ಲ ಜಿಡ್ಡು, ಅದಕ್ಕೇ ಎರಡು ತಿಂಗಳಿಂದ ಹಚ್ಚೇ ಇಲ್ಲ. “ಇದನ್ನೆಲ್ಲ ಒಳಗೆ ಯಾಕೆ ಹೇಳಲಿಲ್ಲ?” ಎಂದೆ. “ಅವರು ಚರ್ಮ ನೋಡೋ ಡಾಕ್ಟ್ರು ಕಣೇ. ಇದನ್ನೆಲ್ಲ ಯಾಕೆ ಕೇಳ್ತಾರೆ?” ಎಂದರು.

ಕೇಳುತ್ತಾರೆ. ಔಷಧಿ ಯಾವುದು ಅನ್ನುವುದು ಇದರ ಮೇಲೂ ನಿಂತಿದೆ. ಹಾಗಾಗಿ ಮುಂದಿನ ಭೇಟಿಗೆ ನಾವಿಬ್ಬರೂ ಕೂತು ಒಂದು ಚೀಟಿ ತಯಾರು ಮಾಡಿದೆವು. ಅದನ್ನು ಮಾಡುವ ಕ್ರಮವೇ ಈ ಲೇಖನ.

ಮೊದಲು ಕಾಯಿಲೆ ಯಾವುದೆಂದು ಖಚಿತ ಮಾಡಿಕೊಳ್ಳಿ

ನಮ್ಮ ಕಡೆ ಚರ್ಮ ಕೆಂಪಾಗಿ ಸಿಪ್ಪೆ ಎದ್ದರೆ ಎಲ್ಲಕ್ಕೂ ಇಸುಬು, ಇಲ್ಲವೇ ಹುಳುಕಡ್ಡಿ ಎಂದುಬಿಡುತ್ತೇವೆ. ಮೆಡಿಕಲ್ ಸ್ಟೋರಿನಲ್ಲಿ ಒಂದು ಟ್ಯೂಬ್ ಕೇಳಿ ತರುತ್ತೇವೆ. ಅಂಥ ಎಷ್ಟೋ ಟ್ಯೂಬುಗಳಲ್ಲಿ ಜೋರಾದ ಸ್ಟಿರಾಯ್ಡ್ ಬೆರೆತಿರುತ್ತದೆ. ನಾಲ್ಕು ದಿನ ಮಾಯವಾದಂತೆ ಕಾಣುತ್ತದೆ, ನಿಲ್ಲಿಸಿದ ಮೇಲೆ ಮೊದಲಿಗಿಂತ ಜಾಸ್ತಿಯಾಗಿ ಬರಬಹುದು. ಚಿಕ್ಕಮ್ಮನ ಮೊದಲ ಎರಡು ವರ್ಷ ಹೀಗೇ ಕಳೆಯಿತು.

ಸೋರಿಯಾಸಿಸ್ ಅಂಟುರೋಗ ಅಲ್ಲ. ಕುಷ್ಠವಲ್ಲ, ತೊನ್ನೂ ಅಲ್ಲ. ಮೈಯನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಚರ್ಮವನ್ನು ಅವಸರ ಮಾಡಿಸುತ್ತದೆ. ಸಾಮಾನ್ಯವಾಗಿ ಹೊಸ ಚರ್ಮ ಮೇಲೆ ಬರಲು ಸುಮಾರು ಒಂದು ತಿಂಗಳು ಬೇಕು. ಇಲ್ಲಿ ಕೆಲವೇ ದಿನಗಳಲ್ಲಿ ಬಂದುಬಿಡುತ್ತದೆ, ಹಳೆಯದು ಉದುರುವಷ್ಟರಲ್ಲಿ ಹೊಸದು ಪೇರಿಕೊಳ್ಳುತ್ತದೆ. ಪೂರ್ತಿ ವಾಸಿ ಮಾಡುವ ಔಷಧಿ ಇಲ್ಲ. ಚೆನ್ನಾಗಿ ಹಿಡಿತದಲ್ಲಿಡುವ ಔಷಧಿಗಳು ಮಾತ್ರ ಹಲವು ಇವೆ. ಇದು ನೋವು ಕೊಡುವ, ಬದುಕನ್ನೇ ಕುಗ್ಗಿಸುವ ಕಾಯಿಲೆ ಎಂದು 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆಯೇ ನಿರ್ಣಯ ಮಾಡಿ ಹೇಳಿತು.

ಕಳೆದ ಏಳು ದಿನದ ಲೆಕ್ಕ ಬರೆಯಿರಿ

ಚರ್ಮದ ಕಾಯಿಲೆ ಬದುಕನ್ನು ಎಷ್ಟು ಕಾಡುತ್ತಿದೆ ಎಂದು ಅಳೆಯಲು ಡಿಎಲ್‌ಕ್ಯೂಐ ಎಂಬ ಪ್ರಶ್ನಾವಳಿ ಇದೆ. ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ಫಿನ್ಲೇ ಮತ್ತು ಖಾನ್ ಎಂಬುವರು ಇದನ್ನು ಮಾಡಿ 1994ರಲ್ಲಿ ಪ್ರಕಟಿಸಿದರು. ಇರುವುದು ಹತ್ತೇ ಪ್ರಶ್ನೆ, ಎಲ್ಲವೂ ಹಿಂದಿನ ಒಂದು ವಾರದ ಬಗ್ಗೆ. ನವೆ, ನೋವು, ಉರಿ ಎಷ್ಟಿತ್ತು? ನಾಚಿಕೆ, ಸಂಕೋಚ ಆಯಿತಾ? ಅಂಗಡಿಗೆ ಹೋಗಲು, ಮನೆಗೆಲಸಕ್ಕೆ ಅಡ್ಡಿ ಬಂತಾ? ಯಾವ ಬಟ್ಟೆ ಹಾಕುವುದು ಅನ್ನುವುದನ್ನೂ ಕಾಯಿಲೆಯೇ ತೀರ್ಮಾನಿಸಿತಾ? ನಾಲ್ಕು ಜನರ ಜೊತೆ ಬೆರೆಯುವುದು, ಆಟ, ಕೆಲಸ ಅಥವಾ ಓದು, ಹತ್ತಿರದವರ ಜೊತೆಗಿನ ಸಂಬಂಧ, ಗಂಡ ಹೆಂಡತಿಯ ದೇಹಸಂಬಂಧ ಇವೂ ಇವೆ. ಕೊನೆಯದು ಚಿಕಿತ್ಸೆಯೇ ಒಂದು ತೊಂದರೆಯಾಗಿದೆಯಾ ಎಂಬುದು.

ಪ್ರತಿಯೊಂದಕ್ಕೂ ಇಲ್ಲವೇ ಇಲ್ಲ ಎಂದರೆ 0, ಸ್ವಲ್ಪ ಎಂದರೆ 1, ಬಹಳ ಎಂದರೆ 2, ವಿಪರೀತ ಎಂದರೆ 3. ಎಲ್ಲ ಕೂಡಿದರೆ ಜಾಸ್ತಿ ಎಂದರೆ 30. ಮೊತ್ತ 0 ಅಥವಾ 1 ಇದ್ದರೆ ಬದುಕಿಗೆ ತೊಂದರೆ ಇಲ್ಲ. 2ರಿಂದ 5 ಅಂದರೆ ಅಲ್ಪ, 6ರಿಂದ 10 ಅಂದರೆ ಮಧ್ಯಮ. 11ರಿಂದ 20 ಬಹಳ ದೊಡ್ಡ ತೊಂದರೆ, ಅದರಾಚೆ ಅತಿ ದೊಡ್ಡದು. ಪ್ರಶ್ನಾವಳಿಯ ಹಾಳೆ ಇದೆಯಾ ಎಂದು ಡಾಕ್ಟರನ್ನೇ ಕೇಳಿ. ಇಲ್ಲದಿದ್ದರೆ ಈ ಹತ್ತು ವಿಷಯಕ್ಕೂ ಒಂದೊಂದು ಸಾಲು ಬರೆದುಕೊಂಡು ಹೋದರೂ ಸಾಕು.

ಇಲ್ಲಿ ಒಂದು ಕಡೆ ಎಲ್ಲರೂ ಎಡವುತ್ತಾರೆ. ‘ನನಗೆ ಅನ್ವಯಿಸುವುದಿಲ್ಲ’ ಎಂಬ ಉತ್ತರಕ್ಕೂ ಸೊನ್ನೆಯೇ ಅಂಕ. ಚಿಕ್ಕಮ್ಮ ಸಮಾರಂಭದ ಪ್ರಶ್ನೆಗೆ ಹಾಗೇ ಹೇಳಿದರು, “ನಾನು ಎಲ್ಲಿಗೂ ಹೋಗಲ್ವಲ್ಲ” ಅಂತ. ಹೋಗದೇ ಇರುವುದಕ್ಕೆ ಕಾರಣವೇ ಕಾಯಿಲೆ! ಅದು 3 ಆಗಬೇಕಾದ ಜಾಗ. ಕಾಯಿಲೆಗಾಗಿ ಬಿಟ್ಟದ್ದೇನು ಎಂದು ಬೇರೆಯಾಗಿ ಪಟ್ಟಿ ಮಾಡಿ. ತುಂಬು ತೋಳಿನ ರವಿಕೆಯೇ ಅಭ್ಯಾಸವಾಗಿಬಿಟ್ಟಿದ್ದರೆ ಅದೂ ಈ ಪಟ್ಟಿಗೆ ಸೇರುತ್ತದೆ.

ಗಂಡ ಹೆಂಡತಿಯ ಪ್ರಶ್ನೆಗೆ ಜೊತೆಗೆ ಬಂದವರ ಎದುರು ಯಾರೂ ಉತ್ತರ ಹೇಳುವುದಿಲ್ಲ. ಚೀಟಿಯಲ್ಲಿ ಬರೆದು ಡಾಕ್ಟರ ಕೈಗೆ ಕೊಡಿ. ಜೊತೆಗೆ ಹೋದವರು ದಯವಿಟ್ಟು ಐದು ನಿಮಿಷ ಹೊರಗಿರಿ. ಹೀಗೆ ಹೊರಗಿರಬೇಕೆಂದು ಮೊದಲ ಸಲ ನನಗೂ ಹೊಳೆದಿರಲಿಲ್ಲ.

ಅಂಗೈಯಿಂದ ಅಳೆಯಿರಿ

ಬೆರಳೂ ಸೇರಿದಂತೆ ನಿಮ್ಮ ಒಂದು ಅಂಗೈ ಅಂದರೆ ಮೈ ಚರ್ಮದ ಸುಮಾರು ಶೇ 1. ಸಿಪ್ಪೆ ಎದ್ದ ಜಾಗವೆಲ್ಲ ಸೇರಿ ಎಷ್ಟು ಅಂಗೈ ಆಗುತ್ತದೆ ನೋಡಿ. ಹಗಲು ಬೆಳಕಲ್ಲಿ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಹತ್ತು ಅಂಗೈಗಿಂತ ಜಾಸ್ತಿ ಇದ್ದರೆ ಅದು ತೀವ್ರ ಸೋರಿಯಾಸಿಸ್. ಆದರೆ ಮೈ ಮೇಲೆ ಕಡಿಮೆ ಇದ್ದು, ಮೇಲಿನ ಪ್ರಶ್ನೆಗಳ ಮೊತ್ತ 10 ದಾಟಿದರೂ ತೀವ್ರವೇ. ಅದೇ ಫಿನ್ಲೇ 2005ರಲ್ಲಿ ಈ ‘ಹತ್ತರ ಸೂತ್ರ’ ಹೇಳಿದರು. ಚಿಕ್ಕಮ್ಮನಿಗೆ ಇದ್ದದ್ದು ಐದು ಅಂಗೈಯಷ್ಟು. ಮೊತ್ತ ಬಂದದ್ದು 17.

ಔಷಧಿಯ ಬಗ್ಗೆ ನಿಜ ಹೇಳಿ

ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ಚಿಕಿತ್ಸೆ ತೃಪ್ತಿ ಕೊಟ್ಟಿದೆಯಾ ಎಂದು ಅಳೆಯುವವರು ನಾಲ್ಕು ವಿಷಯ ನೋಡುತ್ತಾರೆ: ಗುಣ ಕಾಣಿಸಿತಾ, ಅಡ್ಡಪರಿಣಾಮ ಆಯಿತಾ, ಬಳಸಲು ಸುಲಭವಾ, ಒಟ್ಟಾರೆ ಸಮಾಧಾನ ಇದೆಯಾ. ನಾವು ಮೊದಲನೆಯದನ್ನು ಮಾತ್ರ ಹೇಳುತ್ತೇವೆ. ಹಾಳಾಗುವುದು ಮಾತ್ರ ಸಾಮಾನ್ಯವಾಗಿ ಮೂರನೆಯದರಲ್ಲಿ. ಕೋಲ್‌ಟಾರ್ ಬೆರೆತ ಮುಲಾಮಿನ ವಾಸನೆ, ಬಟ್ಟೆಗೆ ಕಲೆ. ಬೇಸಿಗೆಯಲ್ಲಿ ವ್ಯಾಸಲೀನಿನ ಜಿಡ್ಡು. ಚರ್ಮದ ಮೇಲೆ ಅತಿನೇರಳೆ (ಯುವಿ) ಬೆಳಕು ಬಿಡುವ ಬೆಳಕಿನ ಚಿಕಿತ್ಸೆಗೆ ವಾರಕ್ಕೆ ಎರಡು ಮೂರು ಸಲ ಹೋಗಬೇಕು, ಅಂದರೆ ಅಷ್ಟು ದಿನದ ಕೂಲಿ, ಬಸ್ ಚಾರ್ಜು. ಇದನ್ನೆಲ್ಲ ಹೇಳಿದರೆ ಅಹಂಕಾರ ಎಂದುಕೊಳ್ಳುತ್ತಾರೆ ಅಂತ ಹೆದರುವವರೇ ಜಾಸ್ತಿ. ಹಚ್ಚಿಲ್ಲ ಎಂದು ಗೊತ್ತಾದರೆ ಡಾಕ್ಟರು ಹಚ್ಚಲಾಗುವಂಥದ್ದು ಕೊಡುತ್ತಾರೆ. ಗೊತ್ತಾಗದಿದ್ದರೆ ಔಷಧಿ ಕೆಲಸ ಮಾಡಲಿಲ್ಲ ಎಂದುಕೊಂಡು ಇನ್ನೂ ಜೋರಾದದ್ದು ಬರೆಯಬಹುದು. ಚಿಕ್ಕಮ್ಮನಿಗೆ ತಲೆಗೆ ಮುಲಾಮಿನ ಬದಲು ಲೋಷನ್ ಸಿಕ್ಕಿದ್ದು ಒಂದೇ ಒಂದು ಸಾಲು ಬರೆದಿದ್ದಕ್ಕೆ.

ಎಷ್ಟು ಹಚ್ಚುತ್ತೀರಿ ಎಂಬುದನ್ನೂ ಲೆಕ್ಕ ಹಾಕಿ. ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ. ಅದು ಎರಡು ಅಂಗೈಯಷ್ಟು ಜಾಗಕ್ಕೆ. ನಾಲ್ಕು ಅಂಗೈ ಜಾಗಕ್ಕೆ ದಿನಕ್ಕೆ ಎರಡು ಸಲ ಹಚ್ಚಿದರೆ 2 ಗ್ರಾಂ, 30 ಗ್ರಾಂ ಟ್ಯೂಬ್ 15 ದಿನಕ್ಕೆ ಮುಗಿಯಬೇಕು. ಎರಡು ತಿಂಗಳು ಬಂತು ಎಂದರೆ ಉಳಿತಾಯ ಆಗಿದ್ದಲ್ಲ, ಹಚ್ಚಿದ್ದು ಸಾಲದು. ದುಡ್ಡು ಸಾಲದೆ ಹೀಗೆ ಮಾಡುತ್ತಿದ್ದರೆ ಅದನ್ನೂ ಹೇಳಿ. ಅಗ್ಗದ್ದು ಇದೆಯಾ, ಜನೌಷಧಿಯಲ್ಲಿ ಸಿಗುತ್ತದಾ ಎಂದು ಕೇಳುವುದರಲ್ಲಿ ಅವಮಾನವೇನಿಲ್ಲ.

ಕೇಳದಿದ್ದರೂ ಹೇಳಲೇಬೇಕಾದ್ದು

ಬೆಳಗ್ಗೆ ಎದ್ದಾಗ ಬೆರಳು, ಸೊಂಟ ಬಿಗಿಯುತ್ತದಾ? ಹಿಮ್ಮಡಿ ನೋವಾ? ಉಗುರಲ್ಲಿ ಸೂಜಿ ಚುಚ್ಚಿದಂತೆ ಗುಳಿ ಬಿದ್ದಿವೆಯಾ? ಸೋರಿಯಾಸಿಸ್ ಇರುವ ನೂರು ಜನರಲ್ಲಿ 30 ಜನರವರೆಗೂ ಕೀಲುವಾತ ಬರಬಹುದು. ತಡ ಮಾಡಿದರೆ ಕೀಲು ಸೊಟ್ಟಗಾಗಿ ಹಾಗೇ ಉಳಿಯಬಹುದು. ಕೆಲಸದ ನೋವು ಎಂದು ಸುಮ್ನೆ ಇರಬೇಡಿ.

ಬೇರೆ ಮಾತ್ರೆಗಳ ಚೀಟಿ ಒಯ್ಯಿರಿ. ಬೀಟಾ ಬ್ಲಾಕರ್ ಜಾತಿಯ ಬಿಪಿ ಮಾತ್ರೆ, ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ, ಮಲೇರಿಯಾಕ್ಕೆ ಕೊಡುವ ಕ್ಲೋರೋಕ್ವಿನ್ ಸೋರಿಯಾಸಿಸ್ ಕೆರಳಿಸಬಲ್ಲವು. ಹಾಗೆಂದು ನೀವೇ ನಿಲ್ಲಿಸಬೇಡಿ. ಕುಡಿತ, ಬೀಡಿ, ನಾಟಿ ಔಷಧಿ ಯಾವುದನ್ನೂ ಮುಚ್ಚಿಡಬೇಡಿ.

ರೋಗನಿರೋಧಕ ವ್ಯವಸ್ಥೆಯ ಅವಸರ ತಗ್ಗಿಸುವ ಮೆಥೋಟ್ರೆಕ್ಸೇಟ್ ಕೊಟ್ಟರೆ ಒಂದು ಮಾತು ನೆನಪಿರಲಿ. ಇದು ವಾರಕ್ಕೆ ಒಂದೇ ದಿನ ನುಂಗುವ ಮಾತ್ರೆ. ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ನಾವು ಕ್ಯಾಲೆಂಡರಿನಲ್ಲಿ ಪ್ರತಿ ಭಾನುವಾರಕ್ಕೂ ಕೆಂಪು ಸುತ್ತು ಹಾಕಿಟ್ಟಿದ್ದೇವೆ. ರಕ್ತ, ಲಿವರ್ ಪರೀಕ್ಷೆ ತಪ್ಪಿಸಬಾರದು, ಮದ್ಯ ಮುಟ್ಟಬಾರದು. ಮಗು ಬೇಕೆಂದಿರುವವರು, ಹೆಣ್ಣಾಗಲಿ ಗಂಡಾಗಲಿ, ಮೊದಲೇ ಹೇಳಬೇಕು.

ಇಡೀ ಮೈ ಕೆಂಪೇರಿದರೆ, ಜ್ವರದ ಜೊತೆ ಕೀವಿನ ಸಣ್ಣ ಗುಳ್ಳೆಗಳೆದ್ದರೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಸ್ಟಿರಾಯ್ಡ್ ಮಾತ್ರೆ, ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದವರು ಏಕಾಏಕಿ ನಿಲ್ಲಿಸಿದಾಗ ಹೀಗಾಗುವುದುಂಟು.

ಮನೆಯಲ್ಲಿ ದೊಡ್ಡ ಪಥ್ಯವೇನೂ ಬೇಡ. ಉಗುರುಬೆಚ್ಚಗಿನ ನೀರಲ್ಲಿ ಸ್ನಾನ, ಮೈ ಉಜ್ಜದೆ ಒತ್ತಿ ಒರೆಸಿ ತೇವ ಇರುವಾಗಲೇ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್. ಡಿಸೆಂಬರ್, ಜನವರಿಯ ಒಣಚಳಿಯಲ್ಲಿ ಇನ್ನೊಂದು ಸಲ ಜಾಸ್ತಿ. ಮತ್ತೆ ಮನೆಯವರು ತಟ್ಟೆ, ಟವೆಲ್ ಬೇರೆ ಇಡುವುದನ್ನು ಇವತ್ತೇ ನಿಲ್ಲಿಸಿ.

ಮೂರು ತಿಂಗಳಾದ ಮೇಲೆ ಮತ್ತೆ ಅದೇ ಹತ್ತು ಪ್ರಶ್ನೆ

ಮೆಥೋಟ್ರೆಕ್ಸೇಟ್ ಗುಣ ತೋರಿಸಲು ಎರಡು ಮೂರು ತಿಂಗಳು ಬೇಕಾಗುತ್ತದೆ. ಹದಿನೈದು ದಿನಕ್ಕೆ ಬೇಸರಪಟ್ಟು ಡಾಕ್ಟರನ್ನು ಬದಲಿಸಬೇಡಿ. ಹೊರಡುವ ಮೊದಲೇ ಕೇಳಿ: “ಎಷ್ಟು ದಿನಕ್ಕೆ ಗೊತ್ತಾಗುತ್ತೆ ಸಾರ್? ಆಗದಿದ್ದರೆ ಮುಂದೇನು?” ಆ ದಿನಾಂಕಕ್ಕೆ ಮತ್ತೆ ಲೆಕ್ಕ ಬರೆಯಿರಿ. ಮೊತ್ತ ಕನಿಷ್ಠ 4 ಇಳಿದರೆ ನಿಜವಾಗಿಯೂ ಸುಧಾರಿಸಿದೆ ಎಂದರ್ಥ. ಇಳಿಯದಿದ್ದರೆ ಬೆಳಕಿನ ಚಿಕಿತ್ಸೆ, ಬೇರೆ ಮಾತ್ರೆ, ರೋಗನಿರೋಧಕ ವ್ಯವಸ್ಥೆಯ ನಿರ್ದಿಷ್ಟ ಭಾಗವನ್ನು ಮಾತ್ರ ತಡೆಯುವ ಬಯಾಲಜಿಕ್ ಇಂಜೆಕ್ಷನ್ ಎಂದು ಮುಂದಿನ ದಾರಿಗಳಿವೆ. ಇಂಜೆಕ್ಷನ್ ದುಬಾರಿ, ಅದರ ಪೂರ್ತಿ ಖರ್ಚನ್ನು ಮೊದಲೇ ಕೇಳಿಕೊಳ್ಳಿ.

ಚಿಕ್ಕಮ್ಮನ 17 ಈಗ 9ಕ್ಕೆ ಬಂದಿದೆ. ನಿದ್ದೆ ಬರುತ್ತಿದೆ. ಮಗುವನ್ನು ನೋಡಿಕೊಂಡು ಬಂದರು. ಅಂಗೈ ಮಾತ್ರ ಇನ್ನೂ ಒಡೆಯುತ್ತದೆ, ಬಿಸಿನೀರಿನ ಕೆಲಸ ಬಿಡುವಂತಿಲ್ಲ. ದಪ್ಪ ಗ್ಲೌಸ್ ಹಾಕಿದರೆ ಎಳೆ ಸಿಗುವುದಿಲ್ಲವಂತೆ. ಕೆಲಸದ ಪ್ರಶ್ನೆಗೆ ಈಗಲೂ ‘ಬಹಳ’ ಎಂದೇ ಬರೆದಿದ್ದಾರೆ. ಮುಂದಿನ ಸಲ ಒಳಗೆ ಹೋದ ಕೂಡಲೇ ಕೇಳಬೇಕಾದ್ದು ಅದನ್ನೇ ಎಂದು ಚೀಟಿಯ ಮೇಲ್ಗಡೆ ಗುರುತು ಹಾಕಿಟ್ಟಿದ್ದಾರೆ.